ಅಟ್ರಾಕ್ಟಾ ಓದಿದ ಕಿನ್ನರರ ಕಥೆ

ಅಟ್ರಾಕ್ಟಾ ಮಲ್ರೆನನ್ ನಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಲೀಟ್ರಿಮ್ ಸೀಮೆಯ ಆ ಇಕ್ಕಟ್ಟು ರಸ್ತೆಗಳಲ್ಲಿ ಎರಡೂ ಕಡೆಯ ಬೇಲಿ ಕಿಟಕಿಗೆ ಉಜ್ಜುತ್ತಿದ್ದರೂ ಬಸ್ಸಿಗೆ ಒಂದು ಗೀರು ಬೀಳಲು ಬಿಟ್ಟವಳಲ್ಲ. ವಯಸ್ಸು ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಡ್ರಮ್‌ಕೀಲ್ ಊರಿನಾಚೆ ತಾಯಿಯ ಜೊತೆ ಇದ್ದಳು. ಅವಳು ನಕ್ಕದ್ದನ್ನು ಕಂಡವರು ಕಡಿಮೆ. ರೇಡಿಯೋದಲ್ಲಿ ದನದ ಸಂತೆಯ ಧಾರಣೆ ಕೇಳುತ್ತಾ ಹೋಗುವಳು. ಹಿಂದಿನ ಸೀಟಿನವರು ಗಲಾಟೆ ಎಬ್ಬಿಸಿದರೆ ಕನ್ನಡಿಯಲ್ಲೇ ಒಂದು ನೋಟ ಬೀರುವಳು. ಅಷ್ಟಕ್ಕೇ ಬಸ್ಸು ತೆಪ್ಪಗಾಗುತ್ತಿತ್ತು.

ನನಗಾಗ ಹದಿಮೂರು. ಅಪ್ಪ ಅಮ್ಮ ಬೇರೆಯಾದ ವರ್ಷ ಅದು. ಅಮ್ಮ ನನ್ನನ್ನು ಡಬ್ಲಿನ್‌ನಿಂದ ಕರೆದುಕೊಂಡು ತನ್ನ ತವರೂರಿಗೆ ಬಂದಿದ್ದಳು. ಬಸ್ಸಿನ ಹಿಂದಿನ ಸೀಟುಗಳೆಲ್ಲ ಗ್ರಾನ್ಯಾ ಮತ್ತು ಅವಳ ಗುಂಪಿನ ಪಿತ್ರಾರ್ಜಿತ ಆಸ್ತಿ. ನನಗೆ ದಕ್ಕಿದ್ದು ಡ್ರೈವರ್ ಬೆನ್ನ ಹಿಂದಿನ ಸೀಟು. ಅಲ್ಲಿ ಕೂತು ಯಾರ ಮುಖವನ್ನೂ ನೋಡದೆ ಪುಸ್ತಕ ಓದುತ್ತಿದ್ದೆ. ‘ಸರೋವರದಡಿಯ ರಾಜ್ಯ’ ಅಂತ ಅದರ ಹೆಸರು. ಮಾರೆನ್ ಎಂಬ ದೋಣಿಗಾರನ ಮಗಳು ಸರೋವರದ ತಳದಲ್ಲಿರುವ ಕಿನ್ನರರ ಅರಮನೆಗೆ ಸೆರೆಯಾಗಿ ಹೋಗುತ್ತಾಳೆ. ಅಲ್ಲಿ ಒಂದು ತುತ್ತು ಉಂಡವರೂ ಮತ್ತೆ ಮೇಲೆ ಬರುವಂತಿಲ್ಲ. ರಾಜಕುಮಾರ ಫಿಯಾಕ್ ಕಪ್ಪು ಕಣ್ಣಿನವನು, ಸಿಡುಕಿನವನು. ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ, ಆದರೆ ಒಪ್ಪಿಕೊಳ್ಳಲು ಅಹಂಕಾರ. ಹೀಗೆ ಐದು ಪುಸ್ತಕ. ನಾಲ್ಕು ಬಂದಿದ್ದವು, ಐದನೆಯದು ಇನ್ನೂ ಬರಬೇಕಿತ್ತು.

ಅಕ್ಟೋಬರ್ ರಜೆಗೆ ಶಾಲೆ ಬಿಟ್ಟ ದಿನ ನಾನು ಮೊದಲನೆಯ ಪುಸ್ತಕವನ್ನು ಬಸ್ಸಿನಲ್ಲೇ ಬಿಟ್ಟುಬಂದೆ. ರಜೆ ಮುಗಿದ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಂತೆ ಹೆದರಿಕೊಂಡೇ ಕೇಳಿದೆ.

“ನನ್ನ ಪುಸ್ತಕ ಏನಾದ್ರೂ ಸಿಕ್ತಾ?”

“ಸಿಕ್ತು” ಅಂದಳು ಅಟ್ರಾಕ್ಟಾ, ರಸ್ತೆಯ ಕಡೆಗೇ ಮುಖ ಮಾಡಿಕೊಂಡು. “ನಾಳೆ ಕೊಡ್ತೀನಿ.”

“ಮನೇಲಿ ಬಿಟ್ಟು ಬಂದ್ರಾ?”

“ಇಲ್ಲ, ಇಲ್ಲೇ ಇದೆ. ಇನ್ನೊಂದಿಷ್ಟು ಪುಟ ಉಳ್ಕೊಂಡಿದೆ.” ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕೇಳಿದಳು. “ಆ ಹುಡುಗಿ ಅವನ ಮನೇಲಿ ಊಟ ಮಾಡ್ತಾಳಾ? ಅದೊಂದು ಹೇಳಿಬಿಡು. ಬೇಡ, ಬೇಡ! ಹೇಳ್ಬೇಡ. ಹೇಳಿದ್ಯೋ, ಇಲ್ಲೇ ಇಳಿಸಿಬಿಡ್ತೀನಿ ನೋಡು.”

ಮರುದಿನ ಪುಸ್ತಕ ಕೈಗೆ ಬಂತು. ಜೊತೆಗೆ, ತಗ್ಗಿದ ದನಿಯಲ್ಲಿ, “ಎರಡನೇದು ನಿನ್ನ ಹತ್ರ ಇದ್ಯಾ?”

ದನಿ ಎಷ್ಟು ತಗ್ಗಿದರೂ ಹಿಂದಿನವರೆಗೆ ಕೇಳಿಸಿತು. ಹಿಂದಿನ ಸೀಟಿನಿಂದ ಗ್ರಾನ್ಯಾ ಎದ್ದು ನಿಂತಳು. “ಅಟ್ರಾಕ್ಟಾ, ನೀವು ಸರೋವರ ಓದ್ತಿದೀರಾ? ನಿಜವಾಗ್ಲೂ?”

“ಕೂತ್ಕೊಳೇ, ಬಸ್ಸು ಹೋಗ್ತಾ ಇದೆ.”

“ಫಿಯಾಕ್ ಇಷ್ಟ ಆದ್ನಾ?”

“ಅವನಿಗೆ ಎರಡು ಬಾರಿಸ್ಬೇಕು. ಕೂತ್ಕೋ ಅಂದೆ!”

ಬಸ್ಸಿಗೆ ಬಸ್ಸೇ ನಕ್ಕಿತು. ಗ್ರಾನ್ಯಾ ಕೂತಳು, ಆದರೆ ನನ್ನ ಪಕ್ಕದಲ್ಲಿ. ಅವಳೂ ಆ ಪುಸ್ತಕಗಳನ್ನು ಗುಟ್ಟಾಗಿ ಓದುತ್ತಿದ್ದಳಂತೆ. ಗುಂಪಿನವರು ನಗುತ್ತಾರೆಂದು ಹೊರಗೆ ಹೇಳಿರಲಿಲ್ಲ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು, ಇಂದಿಗೂ ಇದ್ದಾಳೆ. ದನದ ಧಾರಣೆ ಅಂದಿನಿಂದ ಕೇಳಿಸಲಿಲ್ಲ. ಶಾಲೆ ಮುಟ್ಟುವವರೆಗೆ ಬಸ್ಸಿನ ಮುಂಭಾಗದಲ್ಲಿ ಕಿನ್ನರರದ್ದೇ ಪಂಚಾಯಿತಿ.

ಎರಡನೆಯ ಪುಸ್ತಕ ಕೊಡಲು ಒಂದು ಭಾನುವಾರ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಒಲೆಯ ಪಕ್ಕ ಅವಳ ತಾಯಿ ವಿನ್ನಿ ಕೂತಿದ್ದಳು. ಊರಿಗೆಲ್ಲ ಅವಳು ನ್ಯಾನ್ ವಿನ್ನಿ, ಎಲ್ಲರಿಗೂ ಅಜ್ಜಿ. ಕಣ್ಣು ಮಂಜಾಗಿ ಪತ್ರಿಕೆ ಓದುವುದು ನಿಂತಿತ್ತು. ಕಿವಿ ಮಾತ್ರ ಮೊಲದ ಕಿವಿ. ಅಟ್ರಾಕ್ಟಾ ಮೊದಲ ಪುಸ್ತಕವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು.

“ಈ ಸುಳ್ಳು ಪುಸ್ತಕ ತಂದುಕೊಟ್ಟವಳು ನೀನಾ?” ಅಂದಳು ನ್ಯಾನ್.

“ಹೂಂ. ಇಷ್ಟ ಆಗ್ಲಿಲ್ವಾ?”

“ಅವರಿಗೆ ರೆಕ್ಕೆ ಅಂಟಿಸಿದಾಳಲ್ಲೇ ಬರೆದವಳು! ರೆಕ್ಕೆ ಎಲ್ಲಿಂದ ಬಂತು? ಅದೂ ಅಲ್ದೆ ಎಲ್ಲರೂ ಚೆಂದದ ಗಂಡಸರೇ. ನಮ್ಮ ಕಾಲದಲ್ಲಿ ಅವರು ಬೆಣ್ಣೆ ಕದೀತಿದ್ರು, ಹಸು ಬತ್ತಿಸ್ತಿದ್ರು. ಒಬ್ಬನಾದ್ರೂ ಬಂದು ನನ್ನ ಕೈ ಹಿಡಿದು ಕುಣೀಲಿಲ್ಲ.”

“ಕಿನ್ನರರು ಅಂದ್ರೆ...” ಅಂತ ನಾನು ಬಾಯಿ ತೆರೆದೆ.

“ಶ್! ಹಾಗೆ ಹೆಸರು ಹಿಡಿದು ಕರೀಬಾರದು ಮಗಳೇ. ‘ಒಳ್ಳೆಯವರು’ ಅನ್ಬೇಕು.”

“ಅವರು ಒಳ್ಳೆಯವರಾ?”

“ಅಲ್ಲ. ಅದಕ್ಕೇ ಹಾಗನ್ಬೇಕು.” ಮಗಳ ಕಡೆ ತಿರುಗಿದಳು. “ಏನ್ ನೋಡ್ತಾ ಕೂತಿದೀಯ? ಎರಡನೇದು ಬಂತಲ್ಲ, ಶುರು ಮಾಡೇ.”

ಅಟ್ರಾಕ್ಟಾ ಓದುವುದು ಬಸ್ಸು ಓಡಿಸಿದ ಹಾಗೆ. ತಿರುವಿನಲ್ಲಿ ನಿಧಾನ, ನೇರ ದಾರಿಯಲ್ಲಿ ಒಂದೇ ವೇಗ. ಮಾರೆನ್ ಮತ್ತು ಫಿಯಾಕ್ ದೋಣಿಮನೆಯಲ್ಲಿ ಇಬ್ಬರೇ ಸಿಕ್ಕಿಕೊಳ್ಳುವ ಜಾಗ ಬಂದಾಗ ಅವಳ ಕೆನ್ನೆ ಕೆಂಪಾಯಿತು. ಕೆಮ್ಮಿದಳು. ಮುಂದಿನ ಅಧ್ಯಾಯಕ್ಕೆ ಹಾರಿದಳು.

“ಹಾಳೆ ತಿರುಗಿಸಿದ ಸದ್ದು ಕೇಳಿಸ್ತು ನಂಗೆ” ಅಂದಳು ನ್ಯಾನ್. “ಹಿಂದಕ್ಕೆ ಹೋಗು.”

“ಮ್ಯಾಮಿ, ಇಲ್ಲಿ ಮಗು ಕೂತಿದೆ.”

“ಆ ಮಗು ಆಗ್ಲೇ ಓದಿದೆ. ಇಲ್ಲಿ ಓದದೇ ಇರೋ ಮಗು ನಾನೊಬ್ಬಳೇ.”

ಓದಲೇಬೇಕಾಯಿತು. ಇದ್ದದ್ದು ಒಂದು ಮುತ್ತು, ಅಷ್ಟೆ. ಕೇಳಿ ಮುಗಿಸಿ ನ್ಯಾನ್ ಒಲೆಯ ಕಡೆ ಮುಖ ಮಾಡಿ ಹೇಳಿದಳು. “ನಿಮ್ಮಪ್ಪ ನನ್ನನ್ನ ಮದುವೆಗೆ ಕೇಳಿದ್ದು ಹಿಂದಿನ ಹೊಲದ ಆ ಮುಳ್ಳಿನ ಮರದ ಕೆಳಗೆ. ಅಲ್ಲಿಗೆ ಕರ್ಕೊಂಡು ಹೋದವಳು ನಾನೇ. ಒಳ್ಳೆಯವರ ಮರ ಅದು. ಅದರ ಕೆಳಗೆ ನಿಂತು ಸುಳ್ಳು ಹೇಳೋಕೆ ಹೆದರ್ತಾನೆ ಅಂತ.”

ಅಟ್ರಾಕ್ಟಾಳ ಕೈಯಲ್ಲಿ ಪುಸ್ತಕ ಹಾಗೇ ಉಳಿಯಿತು. “ಇದನ್ನ ಯಾವತ್ತೂ ಹೇಳಿರ್ಲಿಲ್ಲ ನೀನು.”

“ನೀನು ಯಾವತ್ತು ಕೇಳಿದ್ದೆ? ‘ಗುಳಿಗೆ ತಗೊಂಡ್ಯಾ, ಕಾಲು ಬೆಚ್ಚಗಿದ್ಯಾ’, ಇಷ್ಟು ತಾನೇ ನೀನು ಕೇಳೋದು?”

ಅಂದಿನಿಂದ ಪ್ರತಿ ಅಧ್ಯಾಯಕ್ಕೂ ನ್ಯಾನ್‌ನ ಒಂದು ಕಥೆ ಬಾಲವಾಗಿ ಬರತೊಡಗಿತು. ಕುಣಿತಕ್ಕೆ ಹೋಗಲು ಕಿಟಕಿ ಹಾರಿದ್ದು, ಲಿವರ್‌ಪೂಲಿನ ಆಸ್ಪತ್ರೆಯಲ್ಲಿ ನೆಲ ಒರೆಸಿದ್ದು, ಅಲ್ಲಿಂದ ಅಳುತ್ತಾ ಮರಳಿದ್ದು. ನಾನೂ ಗ್ರಾನ್ಯಾಳೂ ಭಾನುವಾರ ಸೈಕಲ್ ತುಳಿದು ಹೋಗಿ ಕೇಳುತ್ತಿದ್ದೆವು. ಅಟ್ರಾಕ್ಟಾ ಸೋಡಾ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಾ, ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ನಮ್ಮ ಹಾಗೆಯೇ ಬೆರಗಾಗಿ ಕೇಳುತ್ತಿದ್ದಳು.

ಹೊಸ ವರ್ಷ ಕಳೆದ ಮೇಲೆ ಬಸ್ಸು ರಿಪೇರಿಗೆ ಹೋಯಿತು. ಗ್ಯಾರೇಜು ಮ್ಯಾಲಕಿ ಟೈಗ್‌ನದು. ದೊಡ್ಡ ಆಳು, ಕಡಿಮೆ ಮಾತು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಬಸ್ಸು ವಾಪಸ್ಸು ಬಂದಾಗ, ಅಟ್ರಾಕ್ಟಾ ಮುಂದಿನ ಖಾನೆಯಲ್ಲಿಟ್ಟಿದ್ದ ಮೂರನೆಯ ಪುಸ್ತಕದ ಪುಟ ಪುಟಕ್ಕೂ ಕಪ್ಪು ಹೆಬ್ಬೆಟ್ಟಿನ ಗುರುತು. ನಮ್ಮನ್ನು ತುಂಬಿಕೊಂಡೇ ಅವಳು ಬಸ್ಸನ್ನು ನೇರ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

“ಮ್ಯಾಲಕಿ! ಈ ಬೆರಳು ಯಾರ್ದು?”

ಅವನು ತನ್ನ ಕೈ ನೋಡಿಕೊಂಡ. ಸುಳ್ಳು ಹೇಳುವ ಹಾಗಿರಲಿಲ್ಲ. “ಎಣ್ಣೆ ಇಳೀಲಿ ಅಂತ ಕಾಯ್ತಾ ಇದ್ದೆ. ಸುಮ್ನೆ ತೆಗೆದೆ. ಆಮೇಲೆ...” ಟೋಪಿ ತೆಗೆದು ತಲೆ ಕೆರೆದ. “ಅಟ್ರಾಕ್ಟಾ, ಆ ಫಿಯಾಕ್‌ಗೆ ಅವರಣ್ಣ ವಿಷ ಹಾಕಿದ್ನಲ್ಲ. ಬದುಕ್ತಾನಾ?”

ಬಸ್ಸಿನೊಳಗಿಂದ ಕಿರುಚಾಟ. “ಹೇಳ್ಬೇಡಿ! ಹೇಳ್ಬೇಡಿ!”

ಅಟ್ರಾಕ್ಟಾ ನನ್ನ ಕಡೆ ಕೈ ಚಾಚಿದಳು. “ಸೈವ್, ಮೊದಲನೇದು ನಿನ್ನ ಚೀಲದಲ್ಲಿದ್ಯಲ್ಲ, ಕೊಡು.” ಅದನ್ನು ಅವನ ಎದೆಗೆ ಒತ್ತಿದಳು. “ಮೊದಲಿಂದ ಓದು. ನಾಟಕದ ಮಧ್ಯ ನುಗ್ಗಿದ ಹಾಗೆ ನುಗ್ಗಬೇಡ. ಕೈ ತೊಳ್ಕೊಂಡು ಓದು.”

ಅವನು ಕೈ ತೊಳೆದುಕೊಂಡು ಓದಿದ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಭಾನುವಾರ ಮಲ್ರೆನನ್‌ರ ಅಡುಗೆಮನೆಯಲ್ಲಿ ಅವನಿಗೂ ಒಂದು ಕುರ್ಚಿ ಬಿತ್ತು. ಆ ವರ್ಷ ನಮ್ಮ ಬಸ್ಸಿಗೆ ಬಂದಷ್ಟು ಕಾಯಿಲೆ ಜಿಲ್ಲೆಯ ಯಾವ ಬಸ್ಸಿಗೂ ಬಂದಿರಲಿಕ್ಕಿಲ್ಲ. “ಬ್ರೇಕು ಒಂಚೂರು ನೋಡ್ಬೇಕು” ಅಂತ ಮ್ಯಾಲಕಿ ಬಾಗಿಲಿಗೆ ಬರುವನು. “ಬ್ರೇಕು ಹಾಕ್ಕೊಂಡಿರೋದು ಬಸ್ಸಲ್ಲ, ನೀನು” ಅಂತ ನ್ಯಾನ್ ಒಳಗಿಂದ ಕೂಗುವಳು. ಅಟ್ರಾಕ್ಟಾ ಕೇಳದವಳಂತೆ ಕೆಟಲ್ ತುಂಬಿಸುವಳು. ಕೂದಲಿಗೆ ಮಾತ್ರ ಬಣ್ಣ ಬಂದಿತ್ತು. ಬಸ್ಸಿನಲ್ಲಿ ಅದರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ, ಗ್ರಾನ್ಯಾಳ ಹೊರತು. “ಚೆನ್ನಾಗಿದೆ, ಅಟ್ರಾಕ್ಟಾ. ಬ್ರೇಕಿಗೂ ಇಷ್ಟ ಆಗತ್ತೆ” ಅಂದದ್ದಕ್ಕೆ ಅವಳು ಆ ವಾರವೆಲ್ಲ ಕೊನೆಯ ಸೀಟಿನಲ್ಲಿ ಕೂರಬೇಕಾಯಿತು.

ಮತ್ತೊಂದು ಚಳಿಗಾಲ ಬಂತು. ಐದನೆಯ ಪುಸ್ತಕ ಫೆಬ್ರುವರಿಯಲ್ಲಿ ಎಂದು ಗೊತ್ತಾಯಿತು. ಜನವರಿಯಲ್ಲಿ ನ್ಯಾನ್‌ಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಮನೆಗೆ ಮರಳಿದಾಗ ಹಕ್ಕಿಯಷ್ಟಾಗಿದ್ದಳು. ವೈದ್ಯರು ಅಟ್ರಾಕ್ಟಾಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಪಾದ್ರಿಗಳು ಬಂದು ಕೊನೆಗಾಲದವರಿಗೆ ಹಚ್ಚುವ ಎಣ್ಣೆಯನ್ನು ಹಣೆಗೆ ಹಚ್ಚಿ ಹೋದರು.

“ಫಾದರ್‌ಗೆ ಬೇಜಾರಾಗ್ಬಾರ್ದು ಅಂತ ಹಚ್ಚಿಸ್ಕೊಂಡೆ” ಅಂದಳು ನ್ಯಾನ್ ಅವರು ಹೋದ ಮೇಲೆ. “ಆ ಹುಡುಗಿ ಮೇಲೆ ಬರ್ತಾಳೋ ಅಲ್ಲೇ ಉಳೀತಾಳೋ ತಿಳ್ಕೊಳ್ದೆ ನಾನಂತೂ ಹೋಗೋಳಲ್ಲ.”

ಪುಸ್ತಕ ಬಿಡುಗಡೆಯ ಬೆಳಿಗ್ಗೆ ಮ್ಯಾಲಕಿ ಗ್ಯಾರೇಜು ಮುಚ್ಚಿ ಸ್ಲೈಗೋ ಪಟ್ಟಣಕ್ಕೆ ಹೊರಟ. ನಾನೂ ಗ್ರಾನ್ಯಾಳೂ ಶಾಲೆ ತಪ್ಪಿಸಿ ಅವನ ವ್ಯಾನು ಹತ್ತಿದೆವು. ಪುಸ್ತಕದಂಗಡಿಯ ಮುಂದೆ ಉದ್ದ ಸಾಲು, ಎಲ್ಲ ನಮ್ಮ ವಯಸ್ಸಿನ ಹುಡುಗಿಯರು, ಪುಸ್ತಕದ ಕಿನ್ನರರ ಹಾಗೆ ತಲೆಗೆ ಎಲೆಯ ಕಿರೀಟ, ಕಾಗದದ ಚೂಪು ಕಿವಿ. ನಡುವೆ ನೀಲಿ ಗ್ಯಾರೇಜು ಬಟ್ಟೆಯ ಮ್ಯಾಲಕಿ, ಕುರಿಮಂದೆಯಲ್ಲಿ ಸಿಕ್ಕಿಬಿದ್ದ ಹೋರಿಯಂತೆ.

“ಮಗಳಿಗಾ ಅಂಕಲ್?” ಅಂದಳು ಹಿಂದಿದ್ದ ಹುಡುಗಿ.

“ಇಲ್ಲ” ಅಂದ ಅವನು. “ನನಗೆ. ಮತ್ತೆ ಒಬ್ಬರು ಅಜ್ಜಿಗೆ. ಮತ್ತೆ...” ಅಲ್ಲಿಗೆ ನಿಲ್ಲಿಸಿ ಕೆಂಪಾದ.

ಹುಡುಗಿಯರಿಗೆ ಅಷ್ಟು ಸಾಕಾಯಿತು. ಅವನಿಗೂ ಒಂದು ಜೊತೆ ಕಿವಿ ಅಂಟಿಸಿ, ಸಾಲಿನ ಮುಂದಕ್ಕೆ ತಳ್ಳಿಬಿಟ್ಟರು. ಅವನ ಜೊತೆ ನಮಗೂ ದಾರಿಯಾಯಿತು.

ಆಮೇಲಿನ ದಿನಗಳಲ್ಲಿ ನ್ಯಾನ್‌ನ ಹಾಸಿಗೆಯ ಸುತ್ತ ಕೂತು ಸರದಿಯ ಮೇಲೆ ಓದಿದೆವು. ಅಟ್ರಾಕ್ಟಾಳ ಗಂಟಲು ಕಟ್ಟಿದರೆ ಮ್ಯಾಲಕಿ, ಅವನು ತಡವರಿಸಿದರೆ ಗ್ರಾನ್ಯಾ, ಅವಳು ಅತ್ತರೆ ನಾನು. ಕೊನೆಯಲ್ಲಿ ಫಿಯಾಕ್ ತನ್ನ ಕಿರೀಟ ತಮ್ಮನಿಗೆ ಬಿಟ್ಟು, ನೂರಾರು ವರ್ಷದ ಆಯುಸ್ಸನ್ನೂ ಬಿಟ್ಟು, ದೋಣಿಗಾರನ ಮಗಳ ಜೊತೆ ದಡಕ್ಕೆ ಬರುತ್ತಾನೆ. ಓದಿ ಮುಗಿಸಿದಾಗ ನ್ಯಾನ್ ಕಣ್ಣು ಮುಚ್ಚಿದ್ದಳು. ನಾವು ಹೆದರಿದೆವು.

“ಪರವಾಗಿಲ್ಲ” ಅಂದಳು ಕೊನೆಗೆ. “ರೆಕ್ಕೆ ಇದ್ರೂ ಬುದ್ಧಿ ಇತ್ತು ಅವನಿಗೆ.” ಆಮೇಲೆ ಕಣ್ಣು ತೆರೆದು, “ಮ್ಯಾಲಕಿ, ನಿನಗೆ?”

ಮ್ಯಾಲಕಿ ಎದ್ದು ನಿಂತ. ಟೋಪಿಯನ್ನು ಕೈಯಲ್ಲೇ ಸುತ್ತಿದ. “ಅಟ್ರಾಕ್ಟಾ, ನನಗೆ ಕಿರೀಟ ಇಲ್ಲ. ನೂರು ವರ್ಷ ಕಾಯೋಕೂ ಆಗಲ್ಲ, ಸೊಂಟ ನೋವು. ನೀನು...”

“ಇಲ್ಲಿ ಬೇಡ” ಅಂದಳು ಅಟ್ರಾಕ್ಟಾ. ಕೋಟು ಹಾಕಿಕೊಂಡು ಬಾಗಿಲು ತೆರೆದಳು. “ಹಿಂದಿನ ಹೊಲಕ್ಕೆ ಬಾ. ಅಲ್ಲಿ ಹೇಳು.”

ಆಲಿಕಲ್ಲು ಬೀಳುತ್ತಿತ್ತು. ನಾನೂ ಗ್ರಾನ್ಯಾಳೂ ಕಿಟಕಿಗೆ ಮೂಗು ಒತ್ತಿ, ನಡೆದದ್ದನ್ನು ನ್ಯಾನ್‌ಗೆ ವರದಿ ಒಪ್ಪಿಸಿದೆವು. ಇಬ್ಬರೂ ಮರದ ಕೆಳಗೆ ನಿಂತಿದಾರೆ. ಅವನು ಏನೋ ಹೇಳ್ತಿದಾನೆ. ಅವಳು ಬೈತಿದಾಳೆ. ಅಲ್ಲ, ನಗ್ತಿದಾಳೆ.

“ನಗ್ತಿದಾಳಾ?” ಅಂದಳು ನ್ಯಾನ್. “ಹಾಗಾದ್ರೆ ಕೆಟಲ್ ಇಡಿ.”

ವೈದ್ಯರ ಮಾತು ಸುಳ್ಳಾಯಿತು. ನ್ಯಾನ್ ವಿನ್ನಿ ಮೇ ತಿಂಗಳ ಮದುವೆಗೆ ಗಾಲಿಕುರ್ಚಿಯಲ್ಲಿ ಬಂದಳು, ಎರಡು ಗುಟುಕು ಶೆರಿ ವೈನು ಕುಡಿದಳು, ಪಾದ್ರಿಗಳನ್ನು ಹಿಡಿದು ಕೂರಿಸಿಕೊಂಡು ಫಿಯಾಕ್‌ನ ಕಥೆ ಹೇಳಿದಳು. ಮುಂದಿನ ವರ್ಷ ಹುಲ್ಲು ಕೊಯ್ಯುವ ಕಾಲದಲ್ಲಿ, ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಊರ ಪದ್ಧತಿಯಂತೆ ಕೊನೆಯ ದರ್ಶನಕ್ಕೆ ಮುಂದಿನ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಊರೆಲ್ಲ ಬಂದಿತ್ತು. ಅಡುಗೆಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ಚಹಾ, ನಗೆ, ಕಣ್ಣೀರು ಎಲ್ಲ ಒಟ್ಟಿಗೆ. ನಾನು ಪಾತ್ರೆ ಒರೆಸುತ್ತಾ ನಿಂತಿದ್ದಾಗ ಅಟ್ರಾಕ್ಟಾ ಬಂದು ಪಕ್ಕದಲ್ಲಿ ಇನ್ನೊಂದು ಬಟ್ಟೆ ಹಿಡಿದಳು. ಭಾವನೆಯ ಮಾತು ಆಡಿ ರೂಢಿಯಿಲ್ಲದವಳು. ಬಟ್ಟಲು ನೋಡಿಕೊಂಡೇ ಹೇಳಿದಳು.

“ಕಡೇ ಎರಡೂವರೆ ವರ್ಷದಲ್ಲಿ ನನ್ನ ತಾಯಿ ಯಾರು ಅಂತ ನನಗೆ ಗೊತ್ತಾಯ್ತು, ಸೈವ್. ಅಲ್ಲೀವರೆಗೂ ಬರೀ ಊಟ ಹಾಕ್ತಿದ್ದೆ ಅಷ್ಟೆ. ಯಾರಿಗೆ ಥ್ಯಾಂಕ್ಸ್ ಹೇಳ್ಬೇಕೋ ತಿಳೀತಿಲ್ಲ. ದೇವರಿಗೆ ಹೇಳಿದೆ. ಆ ಬರೆದವಳಿಗೂ ಮನಸಲ್ಲೇ ಹೇಳಿದೆ. ನೀನೊಬ್ಬಳು ಬಾಕಿ ಇದ್ದೆ.”

ತಂದೆ ದೂರವಾದ, ಯಾರೂ ಪಕ್ಕದಲ್ಲಿ ಕೂರದ ಹುಡುಗಿಯಾಗಿದ್ದ ನನಗೆ ಒಂದು ಅಡುಗೆಮನೆಯನ್ನೇ ಕೊಟ್ಟವಳು ಅವಳು. ಲೆಕ್ಕ ನನ್ನ ಕಡೆಯದೇ ದೊಡ್ಡದು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿಂದ ಮ್ಯಾಲಕಿಯ ದನಿ ಕೇಳಿಸಿತು. ನ್ಯಾನ್ ಕುಣಿತಕ್ಕೆ ಹೋಗಲು ಕಿಟಕಿ ಹಾರಿದ ಕಥೆಯನ್ನು ಯಾರಿಗೋ ಹೇಳುತ್ತಿದ್ದ.

“ಕೇಳು, ತಪ್ಪಾಗಿ ಹೇಳ್ತಿದಾನೆ” ಅಂದಳು ಅಟ್ರಾಕ್ಟಾ. “ಅವಳು ಹಾರಿದ್ದು ಹಿಂದಿನ ಕಿಟಕಿ.” ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ನನ್ನ ಕೈ ಹಿಡಿದು ಆ ಕೋಣೆಗೆ ಎಳೆದುಕೊಂಡು ಹೋದಳು.