ಸೊರಾಯ್ದಾ ಮಿಸ್ ಕೊಂಬಿಯಿಂದ ಇಳಿದದ್ದು

ಸೊರಾಯ್ದಾಳ ಸಹಾಯದ ಕೈಯಿಂದ ತಪ್ಪಿಸಿಕೊಂಡವರು ಕೋಮಾಸ್ ಬಡಾವಣೆಯ ನಮ್ಮ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಅವಳನ್ನು ಸಹಾಯ ಕೇಳಿದವರೂ ಯಾರೂ ಇರಲಿಲ್ಲ, ಆ ಮಾತು ಬೇರೆ. ಗಂಡ ಸೆವೆರೀನೊ ಬದುಕಿದ್ದಷ್ಟು ದಿನ ಅವನ ತಟ್ಟೆಯ ಮಾಂಸವನ್ನು ಅವಳೇ ಸಣ್ಣಗೆ ಹೆಚ್ಚಿ ಕೊಡುತ್ತಿದ್ದಳು. ಆ ಮನುಷ್ಯ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದು ಇಡೀ ಹಂದಿಗಳನ್ನು ಕಡಿದು ತುಂಡು ಮಾಡುತ್ತಿದ್ದವನು! ಮನೆಗೆ ಬಂದರೆ ಮಗುವಿನ ಹಾಗೆ ಚಮಚ ಹಿಡಿದು ಕೂರಬೇಕಿತ್ತು, ಪಾಪ.

ಅವನು ತೀರಿಕೊಂಡ ಮೇಲೆ ಹೆಚ್ಚಿ ಕೊಡಲು ಯಾರೂ ಉಳಿಯಲಿಲ್ಲ. ಅದೇ ಸಮಯಕ್ಕೆ ಕೆಳಗಿನ ಬೀದಿಯ ಕಸುಬು ಕಲಿಸುವ ಕಾಲೇಜಿನವರು ಕಲಿಕೆಯಲ್ಲಿ ನಿಧಾನ ಇರುವ ಹುಡುಗ ಹುಡುಗಿಯರನ್ನೂ ಸೇರಿಸಿಕೊಳ್ಳತೊಡಗಿದರು. ಅವರಿಗೆ ಒಂದು ಕೆಲಸ ಕಲಿಸಿ, ಧೈರ್ಯ ತುಂಬಿ, ತಮ್ಮ ಕಾಲ ಮೇಲೆ ತಾವು ನಿಲ್ಲುವ ಹಾಗೆ ಮಾಡಬೇಕೆಂಬುದು ಮೇಷ್ಟ್ರು ಅಬೆಲಾರ್ಡೊ ಅವರ ಆಸೆ. ಜೊತೆಗಿರಲು ಒಬ್ಬ ಹೆಂಗಸು ಬೇಕಾಗಿತ್ತು. ದೊಡ್ಡ ಮನಸ್ಸಿನವಳು ಅಂತ ಯಾರೋ ಸೊರಾಯ್ದಾಳ ಹೆಸರು ಹೇಳಿದರು.

ಹೋದವಳೇ ಮೀಸೆ ಬಂದ ಹುಡುಗರ ಶೂ ಲೇಸು ಕಟ್ಟಲು ಕೂತಳು. ಎಲ್ಲರೂ ಅವಳಿಗೆ ‘ನನ್ನ ಪುಟ್ಟ ದೇವದೂತರು’. ದೇವದೂತರಿಗೆ ಹಸಿವಾದರೆ ಅವಳೇ ಹೇಳುವಳು, ಚಳಿಯಾದರೂ ಅವಳೇ ಹೇಳುವಳು. ಅವರಿಗೆ ಬಾಯಿ ಅನ್ನುವುದೊಂದಿದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಎಲ್ಲರಿಗಿಂತ ಹೆಚ್ಚು ಅವಳ ಕೈಗೆ ಸಿಕ್ಕಿಬಿದ್ದವಳು ಯಾನೀರಾ. ಹತ್ತೊಂಬತ್ತರ ಹುಡುಗಿ, ಅಗಲ ಹೆಗಲು, ಹಿಟ್ಟು ನಾದಲು ಕೂತರೆ ಗಂಡಸರು ಪಕ್ಕಕ್ಕೆ ಸರಿಯಬೇಕು. ಏನಾದರೂ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು, ಅಷ್ಟೇ. ಮಾತು ಎಲ್ಲೋ ಹೊಟ್ಟೆಯ ಆಳದಿಂದ ಮೇಲೆ ಬರಬೇಕೇನೋ ಅನ್ನುವ ಹಾಗೆ. ಅದು ಗಂಟಲಿಗೆ ಬರುವಷ್ಟರಲ್ಲಿ ಸೊರಾಯ್ದಾ ಉತ್ತರ ಕೊಟ್ಟು, ಮುಂದಿನ ಪ್ರಶ್ನೆಯನ್ನೂ ಕೇಳಿ ಮುಗಿಸಿರುತ್ತಿದ್ದಳು.

ಮೇಷ್ಟ್ರು ಯಾನೀರಾಳಿಗೆ ದೋನ್ ಫೋರ್ತುನಾತೊ ಅವರ ಬೇಕರಿಯಲ್ಲಿ ಜಾಗ ಹುಡುಕಿಕೊಟ್ಟರು. ದಿನಾ ಬೆಳಿಗ್ಗೆ ಸೊರಾಯ್ದಾ ಅವಳ ಕೈ ಹಿಡಿದು ಕೊಂಬಿ ಹತ್ತಿಸುವಳು. ಕೊಂಬಿ ಅಂದರೆ ಗೊತ್ತಲ್ಲ, ಹದಿನೈದು ಜನರ ವ್ಯಾನಿನಲ್ಲಿ ಮೂವತ್ತು ಜನ. ಕೂಗದಿದ್ದರೆ ಅದು ಯಾರಿಗೂ ನಿಲ್ಲುವುದಿಲ್ಲ. ಬಾಯಿಲ್ಲದವರು ಕೊನೇ ಸ್ಟಾಪಿನ ತನಕ ಹೋಗಬೇಕು. ಸೊರಾಯ್ದಾ ಪ್ರತಿದಿನ ಪೆಟ್ರೋಲ್ ಬಂಕಿನ ಮೂಲೆಗೆ ಬಂದಾಗ “ಮೂಲೇಲಿ ಇಳಿಯೋರಿದ್ದಾರೆ!” ಅಂತ ಕೂಗಿ ಇಳಿಸುವಳು. ಆ ಮೂಲೆಯಲ್ಲಿ ಬಿಸಿ ಕಷಾಯದ ಗಾಡಿ, ಬೆಣ್ಣೆಹಣ್ಣು ಇಟ್ಟ ಬನ್ನು. ತಿಂದು ಕುಡಿದು ಬೇಕರಿಯ ತನಕ ನಡೆಯುವರು. ಒಂದು ದಿನ ಯಾನೀರಾ, “ಮಿಸ್, ಬೇಕರಿ...” ಅಂತ ಶುರು ಮಾಡಿದಳು.

“ಹಸಿವಾ ಕಂದಾ? ಇವಳಿಗೂ ಒಂದು ಬನ್ನು ಕೊಡಪ್ಪಾ!” ಅಂದಳು ಸೊರಾಯ್ದಾ. ಮಾತು ಅಲ್ಲಿಗೆ ನಿಂತಿತು.

ಬೇಕರಿಯಲ್ಲೂ ಅವಳು ಸುಮ್ಮನೆ ಕೂರಲಿಲ್ಲ. ಯಾನೀರಾ ನಾದುತ್ತಿದ್ದರೆ ಇವಳು ಪಕ್ಕದಲ್ಲಿ ನಿಂತು, “ಸುಸ್ತಾಯ್ತಾ? ಬೆವರು ಒರೆಸ್ಲಾ?” ಅನ್ನುವಳು. ದೋನ್ ಫೋರ್ತುನಾತೊ ತಾಳ್ಮೆ ಕೆಟ್ಟು ಮೇಷ್ಟ್ರನ್ನು ಕರೆಸಿದರು.

“ನೋಡಿ ಮೇಷ್ಟ್ರೇ, ನಾನು ಕೇಳಿದ್ದು ಒಬ್ಬಳನ್ನ, ಬರ್ತಿರೋರು ಇಬ್ಬರು. ಒಬ್ಬಳು ಕೆಲಸ ಮಾಡ್ತಾಳೆ, ಇನ್ನೊಬ್ಬಳು ಮಾತಾಡ್ತಾಳೆ. ಸೋಮವಾರದಿಂದ ಹುಡುಗಿ ತಾನೇ ಬಂದ್ರೆ ಇಟ್ಕೋತೀನಿ. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ.”

ಕೆಲಸ ತಪ್ಪಿದರೆ ಮುಂದೇನು ಅಂತ ಯಾನೀರಾಳಿಗೆ ಗೊತ್ತಿತ್ತು. ಅಣ್ಣನ ಮೂರು ಮಕ್ಕಳ ಮೂಗು ಒರೆಸಿಕೊಂಡು ಮನೆಯಲ್ಲಿ ಬಿದ್ದಿರು ಅಂತ ಅವಳ ಅಮ್ಮ ಆಗಲೇ ಹೇಳಿಯಾಗಿತ್ತು.

ಮೇಷ್ಟ್ರು ಕಾಲೇಜಿನ ಅಂಗಳದಲ್ಲಿ ಕುರ್ಚಿಗಳನ್ನು ಸಾಲಾಗಿ ಇಡಿಸಿ ಕೊಂಬಿ ಮಾಡಿದರು. “ಸೊರಾಯ್ದಾ ಮಿಸ್, ಅವಳಿಗೆ ಕೂಗೋದು ಕಲಿಸಿ. ಅವಸರ ಬೇಡ, ಕಾಯಿರಿ.”

ಕಾಯುವುದು! ಸೊರಾಯ್ದಾಳಿಗೆ ಹಾಲು ಉಕ್ಕುವ ತನಕ ಕಾಯುವುದೂ ಆಗುತ್ತಿರಲಿಲ್ಲ. ಯಾನೀರಾ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು. “ಮೂಲೇಲಿ ಇಳಿಯೋರಿದ್ದಾರೆ!” ಅಂತ ಸೊರಾಯ್ದಾಳೇ ಕೂಗಿಬಿಟ್ಟಳು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. “ಇವಳಿಂದ ಆಗಲ್ಲ ಮೇಷ್ಟ್ರೇ, ದೇವದೂತ ಇದು,” ಅಂದಳು ಕಣ್ಣು ಒರೆಸಿಕೊಂಡು. ಆ ಕಣ್ಣಲ್ಲಿ ನೀರಿತ್ತೋ ಇಲ್ಲವೋ ಆ ದೇವರೇ ಬಲ್ಲ.

ಸೋಮವಾರ ಯಾನೀರಾ ಒಬ್ಬಳೇ ಕೊಂಬಿ ಹತ್ತಿದಳು. ಒಬ್ಬಳೇ ಅಂತ ಅವಳು ಅಂದುಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಟೋಪಿ, ಕಪ್ಪು ಕನ್ನಡಕ, ಕರೋನಾ ಕಾಲದ ಮಾಸ್ಕು ಹಾಕಿಕೊಂಡು ಸೊರಾಯ್ದಾ ಕೂತಿದ್ದಳು, ಬ್ಯಾಂಕು ದೋಚಲು ಹೊರಟವಳ ಹಾಗೆ.

ಪೆಟ್ರೋಲ್ ಬಂಕು ಕಂಡಿತು. ಯಾನೀರಾ ಅಲುಗಾಡಲಿಲ್ಲ. ಮೂಲೆ ಹತ್ತಿರ ಬಂತು. ಯಾನೀರಾ ಕಿಟಕಿಯಾಚೆ ನೋಡುತ್ತಿದ್ದಳು. ಸೊರಾಯ್ದಾ ಸೀಟಿನ ತುದಿಗೆ ಸರಿದಳು. ತಡೆದುಕೊಂಡಳು ಅಂತ ಹೇಳಬಹುದಿತ್ತು, ಆದರೆ ತಡೆದುಕೊಳ್ಳಲಿಲ್ಲ.

“ಮೂಲೇಲಿ ಇಳಿಯೋರಿದ್ದಾರೆ!”

ಕೊಂಬಿ ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲು ಎಳೆದ. “ಬನ್ನಿ ಚಿಕ್ಕಮ್ಮ, ಬೇಗ! ಬಲಗಾಲು ಮೊದಲು, ಬಲಗಾಲು!”

“ನಾನಲ್ಲ ಕಣೋ, ಆ ಹುಡುಗಿ!”

“ಕೂಗಿದ್ದು ನೀವು, ಇಳಿಯೋದು ಅವಳಾ? ಬಾಯಿ ನಿಮ್ಮದು, ಕಾಲು ಅವಳದಾ?”

ಜನ ನಕ್ಕರು. “ಇಳಿಯೋದಾದ್ರೆ ಇಳೀರಿ, ಇಲ್ಲಾಂದ್ರೆ ಕೂತ್ಕೊಳ್ಳಿ, ಹೊತ್ತಾಯ್ತು!” ಅಂತ ಟೈ ಕಟ್ಟಿದವನೊಬ್ಬ ಗದರಿದ. ಯಾನೀರಾ ತಿರುಗಿ ನೋಡಿದಳು. ಟೋಪಿ, ಕನ್ನಡಕ, ಮಾಸ್ಕು ಎಲ್ಲ ದಾಟಿ ಆ ದನಿ ಯಾರದು ಅಂತ ಅವಳಿಗೆ ತಿಳಿಯದೆ ಇರುತ್ತದೆಯೇ?

“ಏನಮ್ಮಾ, ಇಳೀತೀಯಾ?” ಅಂದ ಕಂಡಕ್ಟರ್.

“ಇಳೀತಾಳೆ!” ಅಂದಳು ಸೊರಾಯ್ದಾ.

ಮುಂದೆ ಸಿಗ್ನಲ್ ಕೆಂಪಾಗಿತ್ತು. ಕೊಂಬಿಗೂ ಹೋಗಲು ದಾರಿ ಇರಲಿಲ್ಲ, ಹಾಗಾಗಿ ಕಂಡಕ್ಟರ್ ಕಾದ. ಯಾನೀರಾಳ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

“ಇಲ್ಲ. ಇಲ್ಲಿ ಕಷಾಯದ ಗಾಡಿ. ಬೇಕರಿ... ಮುಂದಿನ ಸ್ಟಾಪು.”

ನಿಜವೇ. ಕೂಗಿದರೆ ಬೇಕರಿಯ ಬಾಗಿಲಲ್ಲೇ ಕೊಂಬಿ ನಿಲ್ಲುತ್ತಿತ್ತು. ಇಷ್ಟು ದಿನ ಆ ಹುಡುಗಿಯನ್ನು ಒಂದು ಸ್ಟಾಪು ಮೊದಲೇ ಇಳಿಸಿ ನಡೆಸಿದ್ದು ಸೊರಾಯ್ದಾಳ ಹೊಟ್ಟೆ! ಕಂಡಕ್ಟರ್ ಸೊರಾಯ್ದಾಳ ಮೊಣಕೈ ಹಿಡಿದು ರಸ್ತೆಗೆ ಇಳಿಸಿ, ಬಾಗಿಲು ಎಳೆದುಕೊಂಡ. ಸಿಗ್ನಲ್ ಹಸಿರಾಯಿತು.

ಅವಳು ಏದುಸಿರು ಬಿಡುತ್ತಾ ಬೇಕರಿ ತಲುಪುವಷ್ಟರಲ್ಲಿ ಯಾನೀರಾ ಏಪ್ರನ್ ಕಟ್ಟಿಕೊಂಡು ಹಿಟ್ಟಿಗೆ ಕೈ ಹಾಕಿಯಾಗಿತ್ತು.

“ಹೇಗೆ ಇಳಿದೆ ಕಂದಾ? ಕೂಗಿದೆಯಾ? ಕಂಡಕ್ಟರೇ ಇಳಿಸಿದನಾ? ಅವನೇ ಇಳಿಸಿರ್ತಾನೆ...”

“ತಡೀರಿ ಮಿಸ್,” ಅಂದರು ದೋನ್ ಫೋರ್ತುನಾತೊ. “ಅವಳು ಹೇಳ್ತಾಳೆ.”

ಯಾನೀರಾ ಹಿಟ್ಟನ್ನು ಒಮ್ಮೆ ಮಗುಚಿ ಹಾಕಿದಳು. “ಎರಡು ಸಲ ಕೂಗಿದೆ. ಮೊದಲ್ನೇದು ಯಾರಿಗೂ ಕೇಳಿಸ್ಲಿಲ್ಲ.”

“ನಂಗೆ ಇಲ್ಲಿಗೇ ಕೇಳಿಸ್ತು ಎರಡನೇದು,” ಅಂದರು ಅವರು. “ನಾಳೆಯೂ ಇದೇ ಹೊತ್ತಿಗೆ ಬಾಮ್ಮ. ಮಿಸ್, ನೀವು ಬರೋದು ಬೇಡ.”

ಸೊರಾಯ್ದಾ ಸೀದಾ ಕಾಲೇಜಿಗೆ ಹೋಗಿ ಮೇಷ್ಟ್ರಿಗೆ ಹೇಳಿದಳು: “ಅವಳಿಗೆ ಧೈರ್ಯ ಬರ್ಲಿ ಅಂತ ನಾನು ಬೇಕೂಂತಲೇ ಮಧ್ಯದಲ್ಲಿ ಇಳಿದುಬಿಟ್ಟೆ ಮೇಷ್ಟ್ರೇ. ಎದೆ ಗಟ್ಟಿ ಮಾಡ್ಕೊಂಡು.” ಮೇಷ್ಟ್ರು ಒಳ್ಳೆಯವರು, ನಂಬಿದರು. ಎಲ್ಲರನ್ನೂ ಕರೆದು ಅವಳಿಗೆ ಚಪ್ಪಾಳೆ ಹೊಡೆಸಿದರು. ಅವಳು ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು ಅದನ್ನೆಲ್ಲ ತೆಗೆದುಕೊಂಡಳು. ಆ ಹೊತ್ತಿಗೆ ಬೇಕರಿಯಲ್ಲಿ ಯಾನೀರಾ ಒಲೆಯಿಂದ ಬನ್ನಿನ ತಟ್ಟೆ ಎಳೆಯುತ್ತಿದ್ದಳು. ಅವಳಿಗೆ ಚಪ್ಪಾಳೆ ತಟ್ಟಲು ಅಲ್ಲಿ ಯಾರ ಕೈಗೂ ಬಿಡುವಿರಲಿಲ್ಲ.