ಮೋಟಾರಿನ ಮೇಲಿಟ್ಟ ಅಂಗೈ

ಮೇಸ್ತ್ರಿಯ ಬಲ ಅಂಗೈ ಎಡಗೈಗಿಂತ ಕಪ್ಪಗಿತ್ತು. ಹಳೇ ಕಾವಲಿಯ ಹಾಗೆ ಗಡುಸಾಗಿ, ರೇಖೆಗಳೆಲ್ಲ ಅಳಿಸಿಹೋಗಿದ್ದವು. ಕಾದ ಮೋಟಾರಿನ ಮೇಲೆ ದಿನಕ್ಕೆ ಹತ್ತಾರು ಸಲ ಆ ಕೈಯಿಟ್ಟು ಹಾಗಾಗಿತ್ತು. ಗೇಟಿನ ಹತ್ತಿರ ಬಂದ ಕಣಿ ಹೇಳುವವನೊಬ್ಬ ಕೈ ತೋರಿಸಿ ಅಂದಾಗ, ಆ ಅಂಗೈಯನ್ನು ಅವನ ಮೂಗಿಗೇ ಹಿಡಿದು, "ಓದ್ಲಾ ನೋಡನ" ಅಂದಿದ್ದರು. ಅವನು ಎರಡನೇ ಸಲ ನಮ್ಮ ಬೀದಿಗೆ ಬರಲಿಲ್ಲ.

ತುಮಕೂರಿನ ಸದಾಶಿವನಗರದ ಒಂದು ಖಾಸಗಿ ಈಜುಕೊಳದಲ್ಲಿ ನಾನು ಹೆಂಗಸರಿಗೆ ಈಜು ಕಲಿಸುತ್ತೇನೆ. ಮೇಸ್ತ್ರಿ ಅಲ್ಲಿಯ ಪಂಪ್ ನೋಡಿಕೊಳ್ಳುತ್ತಿದ್ದವರು. ಹುಲಿಯೂರುದುರ್ಗದ ಕಡೆಯವರು. ಕೊಳದ ಪಕ್ಕ ನಾಲ್ಕು ಮೆಟ್ಟಿಲು ಕೆಳಗಿದ್ದ ಪಂಪ್‌ರೂಮಿನಲ್ಲೇ ಇಪ್ಪತ್ತು ವರ್ಷ ಕಳೆದಿದ್ದರು. ಅವರಷ್ಟು ಕೆಟ್ಟ ಬಾಯಿಯವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಮೊದಲ ದಿನ ನೀರಿಗಿಳಿಯಲು ಹೆದರುವ ಹೆಂಗಸರಿಗೆ, "ಯಾಕಮ್ಮ, ಉಪ್ಪಿನ್ ಮೂಟೆಯಾ ನೀನು, ಕರಗೋಯ್ತೀಯಾ?" ಅನ್ನುವರು. ಒಬ್ಬಿಬ್ಬರು ಅಳುತ್ತಾ ಮನೆಗೆ ಹೋದದ್ದೂ ಉಂಟು. ಆದರೆ ನೀರಿನ ವಿಷಯದಲ್ಲಿ ಅವರತ್ತ ಬೊಟ್ಟು ಮಾಡುವಂತಿರಲಿಲ್ಲ. ಆಳದ ಕಡೆ ಬಿದ್ದ ಓಲೆಯ ತಿರುಪು ಕೂಡ ದಡದಿಂದ ಕಾಣುತ್ತಿತ್ತು.

ಆಗಿನ ಮೋಟಾರಿಗೆ ಇದ್ದದ್ದು ಒಂದೇ ವೇಗ. ಸ್ವಿಚ್ ಹಾಕಿದರೆ ಪೂರ್ತಿ ಅಬ್ಬರ. ಆ ಅಬ್ಬರ ಅವರ ಎರಡೂ ಕಿವಿ ತಿಂದುಹಾಕಿತ್ತು. ಬೆನ್ನ ಹಿಂದೆ ನಿಂತು ಕರೆದರೆ ತಿರುಗುತ್ತಿರಲಿಲ್ಲ. ಎದುರಿಗೆ ಬಂದರೆ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಇದನ್ನು ಕಂಡುಹಿಡಿದೆ.

"ಓನರ್‌ಗೆ ಹೇಳ್ಬ್ಯಾಡ ಕಣಮ್ಮ" ಅಂದರು. "ಕಿವುಡನ್ನ ಮೋಟ್ರು ಕಾಯಕ್ಕೆ ಯಾರು ಇಟ್ಕತಾರೆ?"

ಅವರು ನನ್ನಲ್ಲಿ ಕೇಳಿಕೊಂಡದ್ದು ಅದೊಂದೇ. ಓನರ್ ಕೊಳದ ಆಚೆಯಿಂದ ಕೂಗಿದಾಗ ನಾನು ಈಚೆ ಸುಮ್ಮನೆ ಕೈ ಎತ್ತುತ್ತಿದ್ದೆ. ಮೇಸ್ತ್ರಿ ಅದನ್ನು ನೋಡಿ ಅತ್ತ ತಿರುಗುತ್ತಿದ್ದರು. ಎರಡು ವರ್ಷ ಓನರ್‌ಗೆ ಅನುಮಾನವೇ ಬರಲಿಲ್ಲ. ಮೋಟಾರಿನ ಸಮಾಚಾರವನ್ನಂತೂ ಅವರಿಗೆ ಅಂಗೈಯೇ ಹೇಳುತ್ತಿತ್ತು. ಬೇರಿಂಗ್ ಹೋಗುವುದು ಎರಡು ದಿನ ಮೊದಲೇ ಅವರಿಗೆ ತಿಳಿಯುತ್ತಿತ್ತು.

ಒಂದು ಬೇಸಿಗೆಯ ಬೆಳಗ್ಗೆ ಕ್ಲಾಸಿನ ಮಧ್ಯೆ ನಾನು ಫೋನಿನಲ್ಲಿದ್ದೆ. ಏನು ಘನಂದಾರಿ ಮಾತು ಅಂತೀರಾ, ತಂಗಿಯ ಸೀರೆಗೆ ಯಾವ ಬಣ್ಣದ ರವಿಕೆ ಅನ್ನುವುದು. ಬೆನ್ನ ಹಿಂದೆ ಧೊಪ್ಪನೆ ಸದ್ದಾಯಿತು. ತಿರುಗಿದರೆ ಮೇಸ್ತ್ರಿ ಖಾಕಿ ಶರ್ಟಿನಲ್ಲೇ ನೀರಿಗೆ ಹಾರಿದ್ದಾರೆ. ಗುಬ್ಬಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ನನ್ನಿಂದ ಹತ್ತು ಅಡಿ ದೂರದಲ್ಲಿ ಮುಳುಗುತ್ತಿದ್ದಳು. ಅವಳನ್ನು ಎತ್ತಿ ದಡಕ್ಕೆ ಹಾಕಿ, ಅವಳು ಕೆಮ್ಮಿ ಉಸಿರೆಳೆದ ಮೇಲೆ, ಇಪ್ಪತ್ತು ಹೆಂಗಸರ ಎದುರಿಗೆ ನನ್ನ ಕಡೆ ತಿರುಗಿದರು.

"ಕತ್ತಿಗೆ ಸೀಟಿ ನೇತಾಕ್ಕಂಡ್ರೆ ಟೀಚರ್ ಆಗ್ಬುಡ್ತಾರಾ? ದನ ಕಾಯೋರು ನಿನ್ಗಿಂತ ವಾಸಿ, ದನನಾರ ಎಣಿಸ್ತಾರೆ. ಮುಳುಗೋರು ಕೂಗಲ್ಲ ಕಣಮ್ಮ, ಸದ್ದಿಲ್ದಂಗೆ ಹೋಯ್ತಾರೆ. ಕಿವಿ ನಂಬ್ಕಬ್ಯಾಡ. ಕಣ್ಣು ಮಡಗು!"

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನಾನು ಕ್ಷಮಿಸಲಿಲ್ಲ. ಮಾರನೇ ದಿನದಿಂದ ಕೈ ಎತ್ತುವುದನ್ನು ನಿಲ್ಲಿಸಿದೆ. ಓನರ್ ಕೂಗಿದ್ದು ಕೇಳದಿದ್ದಾಗಲೆಲ್ಲ ಮೇಸ್ತ್ರಿ ಮೋಟಾರಿನ ಅಬ್ಬರದ ನೆಪ ಹೇಳಿ ಹೇಗೋ ಪಾರಾಗುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಹಳೇ ಮೋಟಾರ್ ಸುಟ್ಟುಹೋಯಿತು. ಬೆಂಗಳೂರಿನಿಂದ ವೇರಿಯಬಲ್ ಸ್ಪೀಡ್ ಮೋಟಾರ್ ಬಂತು. ಬೇಕೆಂದಾಗ ಜೋರಾಗಿ, ಮಿಕ್ಕ ಹೊತ್ತು ಮೆಲ್ಲಗೆ ಓಡುವಂಥದ್ದು, ಕರೆಂಟು ಉಳಿಯುತ್ತದೆ. ಹಳೆಯದರ ಬೋಲ್ಟುಗಳನ್ನು ಮೇಸ್ತ್ರಿಯೇ ಬಿಚ್ಚಿದರು. ಹೊಸದನ್ನು ರಬ್ಬರ್ ಹಾಸಿನ ಮೇಲೆ ಕೂರಿಸಿ, ಪೈಪು ಸೇರಿಸಿ, ಅದರ ಜೊತೆ ಬಂದಿದ್ದ ಮೆಕ್ಯಾನಿಕ್ ಕಡಿಮೆ ವೇಗದಲ್ಲಿ ಬಿಟ್ಟ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. "ಕೇಳಿ ಸಾರ್, ಹೆಂಗಿದೆ!" ಎಂದು ಅವನು ಬೀಗಿದ. ಓನರ್ ತಲೆದೂಗಿದರು. ಮೇಸ್ತ್ರಿಯೂ ತಲೆದೂಗಿದರು.

ಆಗ ನಾನು ನಗುನಗುತ್ತಾ ಅಂದೆ: "ಸಾರ್, ಮೋಟ್ರು ಮೇಲೆ ಸ್ಪೀಡಿನ ನಂಬರ್ ಕಾಣೋ ಕಡೆ ಮುಚ್ಚಿ. ಮೇಸ್ತ್ರಿ ಕೈಯಿಟ್ಟು ಹೇಳ್ಲಿ, ಓಡ್ತಿದ್ಯೋ ನಿಂತಿದ್ಯೋ ಅಂತ."

ಓನರ್‌ಗೆ ಅದು ಆಟ. ಮೆಕ್ಯಾನಿಕ್ ಅತ್ತ ಬಗ್ಗಿ ಗುಂಡಿ ಒತ್ತಿದ ಹಾಗೆ ನಟಿಸಿದ, ಮೋಟಾರನ್ನು ಮಾತ್ರ ನಿಲ್ಲಿಸಲಿಲ್ಲ. ಓನರ್ ಟವೆಲ್ ಮುಚ್ಚಿದರು. ಮೇಸ್ತ್ರಿ ಕಪ್ಪು ಅಂಗೈ ಇಟ್ಟರು. ಬಿಸಿಯಿಲ್ಲ, ನಡುಕವಿಲ್ಲ. ಕೈ ಸರಿಸಿ ಇನ್ನೊಂದು ಕಡೆ ಇಟ್ಟರು. ಎರಡೂ ಕೈ ಇಟ್ಟರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ನಾನು ಸೀಟಿಯನ್ನು ಚೂಡಿದಾರದ ವೇಲಿಗೆ ಒರೆಸುತ್ತಾ ನಿಂತೆ.

"ನಿಂತದೆ ಸಾ" ಅಂದರು.

ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಓನರ್ ನಗಲಿಲ್ಲ. ಮೇಸ್ತ್ರಿಯ ಬೆನ್ನ ಹಿಂದೆ ಹೋಗಿ, "ಏನಯ್ಯಾ ಮೇಸ್ತ್ರಿ" ಎಂದು ಕರೆದರು. ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಇನ್ನೂ ಮೋಟಾರಿನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ನಾನೂ ನಕ್ಕೆ. ಈಗ ಯಾಕೆ ಸುಳ್ಳು ಹೇಳಲಿ, ಅವತ್ತು ಹೊಟ್ಟೆ ತಣ್ಣಗಾಗಿತ್ತು.

"ಕಿವುಡನ್ನ ನಂಬ್ಕಂಡು ಹೆಣ್ಮಕ್ಕಳನ್ನ ನೀರಿಗೆ ಬಿಡಕ್ಕಾಯ್ತದಾ?" ಅಂದರು ಓನರ್. ಆಗ ನನಗೆ ಹೊಳೆಯಿತು, ಗುಬ್ಬಿಯ ಹೆಂಗಸು ಮುಳುಗಿದ್ದ ಸುದ್ದಿ ಓನರ್‌ಗೆ ಗೊತ್ತೇ ಇಲ್ಲ. ಮೇಸ್ತ್ರಿ ನನ್ನನ್ನು ಅಷ್ಟು ಜನರೆದುರು ಬೈದರು, ಆದರೆ ಓನರ್ ಕಿವಿಗೆ ಹಾಕಲಿಲ್ಲ. ಹಾಕಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು. ಆ ಹೆಂಗಸನ್ನೂ ಕ್ಲಾಸಿನ ಮಿಕ್ಕವರನ್ನೂ ಅವರೇ ಬೇಡಿಕೊಂಡು ಸುಮ್ಮನಾಗಿಸಿದ್ದರಂತೆ, ಮುಂದೆ ಅವಳೇ ಹೇಳಿದಳು. ಇಷ್ಟು ಹೊಳೆದ ಮೇಲೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಫೋನಿನ ಕತೆಯೂ ಹೊರಗೆ ಬರಬೇಕಿತ್ತಲ್ಲ. ಆ ಶನಿವಾರ ಮೇಸ್ತ್ರಿ ಕೆಲಸ ಕಳೆದುಕೊಂಡು, ಒಂದು ಬ್ಯಾಗು ಹಿಡಿದು ಊರಿನ ಕಡೆಗೆ ಕುಣಿಗಲ್ ಬಸ್ಸು ಹತ್ತಿದರು.

ಮರುವರ್ಷ ಅವರ ಊರಿನ ಕಡೆಯ ಹುಡುಗಿಯೊಬ್ಬಳು ನನ್ನ ಕ್ಲಾಸಿಗೆ ಸೇರಿದಳು. ಮೇಸ್ತ್ರಿ ತೀರಿಕೊಂಡದ್ದನ್ನು ಅವಳೇ ಹೇಳಿದಳು. ಹಾಲಿನ ಡೈರಿಗೆ ನಡೆದು ಹೋಗುತ್ತಿದ್ದಾಗ ಹಿಂದಿನಿಂದ ಬಂದ ಲಾರಿ ಗುದ್ದಿತಂತೆ. "ಹಾರ್ನ್ ಹೊಡ್ದೂ ಹೊಡ್ದೂ ಸಾಕಾಯ್ತಂತೆ ಮಿಸ್, ಪಕ್ಕಕ್ಕೇ ಬರ್ಲಿಲ್ವಂತೆ. ಮುದುಕಂಗೆ ಏನು ಕೊಬ್ಬು ಅಂದ್ಕಂಡ್ರಂತೆ ಎಲ್ರೂ." ನಾನು ಅವಳಿಗೆ ಕಾಲು ಬಡಿಯುವುದನ್ನು ಹೇಳಿಕೊಟ್ಟೆ.

ಹೊಸಬರು ಬಂದಾಗಲೆಲ್ಲ ಮೊದಲ ಪಾಠ ಈಗಲೂ ಅದೇ. ಮುಳುಗುವವರು ಕೂಗುವುದಿಲ್ಲ, ಕಿವಿ ನಂಬಬೇಡಿ, ಕಣ್ಣಿಡಿ. ಯಾರು ಹೇಳಿಕೊಟ್ಟಿದ್ದು ಮಿಸ್ ಎಂದು ಯಾರಾದರೂ ಕೇಳಿದರೆ, ನನ್ನ ಅನುಭವ ಅನ್ನುತ್ತೇನೆ. ಅದೂ ಪೂರ್ತಿ ಸುಳ್ಳಲ್ಲ. ಪಂಪ್‌ರೂಮಿನಲ್ಲಿ ಮೇಸ್ತ್ರಿ ನನ್ನ ಕಡೆ ತಲೆಯೆತ್ತಿದಾಗ ಏನೂ ಕೂಗಿರಲಿಲ್ಲ. ನಾನು ಕಣ್ಣಿಟ್ಟು ನೋಡುತ್ತಲೇ ಇದ್ದೆ.