ಲೋಟದ ಮೇಲಿನ ಹೆಸರು

ನನ್ನ ಅಡುಗೆಮನೆಯ ಸ್ಟೀಲ್ ಲೋಟಗಳಲ್ಲಿ ನನ್ನವು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ. ಅವು ನಾನು ಕದ್ದು ತಂದವಲ್ಲ, ತಾವಾಗಿ ಬಂದವು. ಒಂದರಲ್ಲಿ ಎದುರುಮನೆಯಿಂದ ಪಾಯಸ ಬಂತು, ಇನ್ನೊಂದರಲ್ಲಿ ಪಕ್ಕದ ಮನೆಯಿಂದ ಹೆಸರುಬೇಳೆ ಬಂತು. ಖಾಲಿ ಲೋಟ ವಾಪಸ್ ಕೊಡಬಾರದು ಎಂಬ ಮರ್ಯಾದೆಯೊಂದಿದೆಯಲ್ಲ, ಹಾಗಾಗಿ ಅದರಲ್ಲಿ ಹಾಕಿ ಕೊಡಲು ಯೋಗ್ಯವಾದದ್ದೇನಾದರೂ ಮಾಡುವ ತನಕ ಅದು ನಮ್ಮಲ್ಲೇ ಉಳಿಯುತ್ತದೆ. ನಾನು ಯೋಗ್ಯವಾದದ್ದನ್ನು ಮಾಡುವುದು ಅಪರೂಪವಾದ್ದರಿಂದಲೇ ಮನೆಯಲ್ಲಿ ಲೋಟ ಹೆಚ್ಚಾಗಿವೆ ಎನ್ನುವುದು ನನ್ನ ಗಂಡನ ವಿವರಣೆ.

ಈ ಗೊಂದಲ ತಪ್ಪಲೆಂದೇ ಜನ ಪಾತ್ರೆಯ ಮೇಲೆ ಹೆಸರು ಹೊಡೆಸುವುದು. ಆಂಧ್ರದ ಗಡಿಯಲ್ಲಿರುವ ನಮ್ಮ ಹಿಂದೂಪುರದಲ್ಲಿ ಪಾತ್ರೆಯಂಗಡಿಯವನು ಕಿರ್ರೆನ್ನುವ ಮಿಷನ್ನು ಕೈಯಲ್ಲಿ ಹಿಡಿದು, “ಪೇರೇಂ ಕೊಟ್ಟಾಲಮ್ಮಾ?”, ಏನು ಹೆಸರು ಹೊಡೆಯಬೇಕು ಎಂದು ತೆಲುಗಿನಲ್ಲಿ ಕೇಳುತ್ತಾನೆ. ತೆಲುಗಿನಲ್ಲಿ ‘ಕೊಟ್ಟು’ ಎಂದರೆ ಹೊಡಿ. ಕನ್ನಡದಲ್ಲಿ ಕೊಟ್ಟು ಎಂದರೆ ನೀಡಿ. ಎರಡನ್ನೂ ಒಂದೇ ಬಾಯಲ್ಲಿ ಆಡುವ ನಮಗೆ ಅರ್ಥಗಳು ಕಲಸಿಹೋಗಿವೆಯೋ ಏನೋ, ಹೆಸರು ಕೊಟ್ಟಿಸಿದ ಮರುದಿನವೇ ಪಾತ್ರೆಯನ್ನೂ ಯಾರಿಗಾದರೂ ಕೊಟ್ಟುಬಿಡುತ್ತೇವೆ.

ನಮ್ಮ ಬೀದಿಯಲ್ಲಿ ಸಂಸಾರಕ್ಕೆ ಬೇಕಾದದ್ದೆಲ್ಲ ಇದೆ. ಆದರೆ ಒಂದೊಂದು ಮನೆಯಲ್ಲಿ ಒಂದೊಂದಿದೆ. ಒಳ್ಳೆಯ ಫ್ರಿಜ್ಜು ಸುಬ್ಬರತ್ನಮ್ಮನ ಮನೆಯಲ್ಲಿ. ದೋಸೆಹಿಟ್ಟು ರುಬ್ಬುವ ಗ್ರೈಂಡರು ಮಸ್ತಾನ್ ಬೀ ಮನೆಯಲ್ಲಿ. ಏಣಿ ಮತ್ತು ಸೋಫಾ ನಮ್ಮಲ್ಲಿ. ಎದುರುಮನೆಯ ಲಕ್ಷ್ಮೀದೇವಿಯಲ್ಲಿ ಹೊಲಿಗೆ ಮಿಷನ್ನು. ನನ್ನ ಗಂಡನ ಪಂಚೆ ಅವಳ ಕೈಗೆ ಸಿಕ್ಕಿ ದಿಂಬಿನ ಚೀಲವಾಗುತ್ತದೆ, ಆಮೇಲೆ ಬಿಸಿಪಾತ್ರೆ ಇಳಿಸುವ ಬಟ್ಟೆಯಾಗುತ್ತದೆ, ಕೊನೆಗೆ ಸ್ಕೂಟರ್ ಒರೆಸುವ ಚಿಂದಿಯಾಗುತ್ತದೆ. ಇಷ್ಟು ಜನ್ಮ ಎತ್ತಿದ ಮೇಲೆ ಅದಕ್ಕೆ ಮೋಕ್ಷ ಖಂಡಿತ. ಹೀಗೆ ಮನೆಯಿಂದ ಮನೆಗೆ ಹೋಗಿಬರುವುದನ್ನು ನಾವು ಸಾಲ ಎನ್ನುವುದಿಲ್ಲ, ಕೈಬದಲು ಎನ್ನುತ್ತೇವೆ. ಎಷ್ಟು ಹಗುರವಾದ ಮಾತು ನೋಡಿ! ವಸ್ತುವಿಗೆ ಏನೂ ಆಗಿಲ್ಲ, ಅದನ್ನು ಹಿಡಿದ ಕೈ ಬದಲಾಗಿದೆ, ಅಷ್ಟೇ.

ಈ ಕೈಬದಲಿಗೆ ಹೋದ ವರ್ಷ ಒಂದು ಪರೀಕ್ಷೆ ಬಂತು. ಲಕ್ಷ್ಮೀದೇವಿಯ ಮಗಳು ಭಾಗ್ಯ ಇಲ್ಲೇ ಒಂದು ಸಣ್ಣ ಶಾಲೆಯಲ್ಲಿ ಟೀಚರು. ಅವಳಿಗೆ ಗಂಡು ಹುಡುಕಿದವಳು ನಾನು. ನನ್ನ ತವರು ಕಲ್ಯಾಣದುರ್ಗ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗಂಗಾಧರ ಎಂಬ ಹುಡುಗ ಇದ್ದಾನೆ, ಒಳ್ಳೆಯವನು ಎಂದು ತವರಿನವರಿಂದ ತಿಳಿದು, ಅವರ ಮೂಲಕವೇ ಮಾತು ಎತ್ತಿಸಿದೆ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಂಡರು, ಒಪ್ಪಿಕೊಂಡರು. ಇನ್ನು ಒಪ್ಪಬೇಕಾದವಳು ಅವನ ಅಜ್ಜಿ ಓಬಳಮ್ಮ. ಆ ಮನೆಯಲ್ಲಿ ಕೊನೆಯ ಮಾತು ಅವಳದ್ದು, ಮೊದಲ ಮಾತೂ ಅವಳದ್ದೇ. ಆ ಭಾನುವಾರ ಅಜ್ಜಿ ಹೆಣ್ಣು ನೋಡಲು ಬರುತ್ತಾಳೆಂದು ಗೊತ್ತಾದದ್ದೇ ಲಕ್ಷ್ಮೀದೇವಿ ನಮ್ಮ ಮನೆಗೆ ಓಡಿಬಂದಳು.

“ಶಾರದಕ್ಕಾ, ನಮ್ಮನೇಲಿ ಕೂರ್ಸಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ ಬಿಟ್ರೆ ಇನ್ನೇನೈತೆ? ಅದ್ರಲ್ಲೂ ಒಂದ್ರ ಕಾಲು ಮುರ್ದೈತೆ. ಆಯಮ್ಮ ಬಿದ್ದುಗಿದ್ದಾಳು!”

ಭಾಗ್ಯ ಬೇಡವೆಂದಳು. “ಇರೋದನ್ನ ಇದ್ದಂಗೆ ತೋರ್ಸೋಣಮ್ಮ” ಎಂದಳು. ಅವಳ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೀದಿ ಉತ್ಸಾಹಗೊಂಡಾಗ ಮದುಮಗಳ ಮಾತಿಗೆ ಬೆಲೆ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಸೋಫಾ ಬೀದಿ ದಾಟಿತು. ಅದರ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ ನನ್ನ ಗಂಡನನ್ನು ಎಬ್ಬಿಸಲು ಸೋಫಾವನ್ನು ಒಂದು ಕಡೆಯಿಂದ ಎತ್ತಬೇಕಾಯಿತು. ಲಕ್ಷ್ಮೀದೇವಿಯ ಬಾಗಿಲು ಕಿರಿದು. ಸೋಫಾವನ್ನು ನೆಟ್ಟಗೆ ನಿಲ್ಲಿಸಿ, ಓರೆ ಮಾಡಿ, ಮಲಗಿಸಿ, ಕೊನೆಗೆ ಬಾಗಿಲಿನ ರೆಕ್ಕೆಯನ್ನೇ ಕಳಚಿ ಒಳಗೆ ತಳ್ಳಿದೆವು. ಅದಕ್ಕೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೆಯೇ ಇತ್ತು. ಅದನ್ನು ತೆಗೆದರೆ ಚೆನ್ನ ಎಂದು ಎಲ್ಲರೂ ಹೇಳಿದರು. ಮದುವೆ ಭಾಗ್ಯಳದು, ಬಟ್ಟೆ ನನ್ನ ಸೋಫಾದ್ದು, ನಾನು ಒಪ್ಪಲಿಲ್ಲ.

ಸುಬ್ಬರತ್ನಮ್ಮ ಫ್ರಿಜ್ಜು ಕಳಿಸಿದಳು. ಬೀದಿಯ ಅರ್ಧ ಹಾಲು ಮೊಸರು ಅದರಲ್ಲೇ ಇದ್ದುದರಿಂದ ಅವೂ ಜೊತೆಗೆ ಬಂದವು. ಲೋಟಗಳು ಎಲ್ಲೆಲ್ಲಿಂದಲೋ ಬಂದವು. ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮೀದೇವಿಯ ಮನೆ ಅವಳಿಗೇ ಗುರುತು ಸಿಗದಂತಾಗಿ, ಉಪ್ಪಿನ ಡಬ್ಬಿ ಹುಡುಕುತ್ತಾ ಅವಳು ತನ್ನ ಅಡುಗೆಮನೆಯಲ್ಲೇ ಸುತ್ತತೊಡಗಿದಳು.

ಬೀದಿಗೆ ಬಿಳಿ ಕಾರೊಂದು ಬಂತು. ಅವರಿಗೆ ಕಾರು ಇದೆಯೆಂದು ನನಗೂ ತಿಳಿದಿರಲಿಲ್ಲ. ಮೊದಲು ಓಬಳಮ್ಮ ಇಳಿದಳು. ಸಣ್ಣ ಜೀವ, ದಪ್ಪ ಕನ್ನಡಕ. ಹಿಂದೆ ಗಂಗಾಧರ ಇಳಿದ. ಫಳಫಳ ಹೊಳೆಯುವ ಷೂ ಹಾಕಿಕೊಂಡು ಒಂದು ಹೆಜ್ಜೆ ಇಟ್ಟು, ಮುಖ ಹಿಂಡಿ, ಇನ್ನೊಂದು ಹೆಜ್ಜೆ ಇಟ್ಟ. ಲಕ್ಷ್ಮೀದೇವಿ ನನ್ನ ತೋಳು ಚಿವುಟಿದಳು.

“ಅಕ್ಕಾ, ಹುಡುಗನ ಕಾಲು ಕುಂಟು ಅಂತ ನೀನು ಹೇಳ್ಲೇ ಇಲ್ಲ!”

ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವಂತೆಯೂ ಇರಲಿಲ್ಲ. “ಕಾರಲ್ಲಿ ಕೂತೂ ಕೂತೂ ಜೋಮು ಹಿಡ್ದಿರ್ಬೇಕು ಸುಮ್ನಿರು” ಎಂದೆ.

ಷೂ ಬಿಚ್ಚದೆಯೇ ಒಳಗೆ ಬಂದ ಗಂಗಾಧರನನ್ನು, ಗಂಡಿನ ಕಡೆಯವನೆಂದು ಯಾರೂ ತಡೆಯಲಿಲ್ಲ. ಓಬಳಮ್ಮ ಸೋಫಾದ ಮೇಲೆ ಕೂತಳು. ಪ್ಲಾಸ್ಟಿಕ್ ಕಿರ್ರೋ ಎಂದಿತು. ಅವಳು ಒಮ್ಮೆ ಕೆಳಗೆ ನೋಡಿ, ಅಲುಗದೆ ಕೂರಲು ಪ್ರಯತ್ನಿಸಿದಳು. ಭಾಗ್ಯ ಕಾಫಿ ತಂದಿಟ್ಟಳು. ಅಜ್ಜಿ ಲೋಟ ಎತ್ತಿ, ಕುಡಿಯುವ ಬದಲು ಕನ್ನಡಕದ ಹತ್ತಿರ ಹಿಡಿದುಕೊಂಡಳು. ನನಗೆ ಆಗ ಹೊಳೆಯಿತು. ಫ್ರಿಜ್ಜು ಸೋಫಾಗಳಿಗೆ ಬಾಯಿಲ್ಲ, ಲೋಟಕ್ಕೆ ಹೆಸರಿದೆ! ಅದನ್ನು ನಾವು ಯಾರೂ ಯೋಚಿಸಿರಲಿಲ್ಲ.

“ಸು... ಬ್ಬ... ರ...ತ್ನಮ್ಮ” ಎಂದು ಓಬಳಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಯಾರಮ್ಮ ಇದು?”

“ನಮ್ ಚಿಕ್ಕಮ್ಮ” ಎಂದಳು ಲಕ್ಷ್ಮೀದೇವಿ, ಥಟ್ಟನೆ.

ಅಜ್ಜಿ ಮೊಮ್ಮಗನ ಕೈಯಲ್ಲಿದ್ದ ಲೋಟವನ್ನು ತಿರುಗಿಸಿದಳು. “ಶಾರದ. ಇದ್ಯಾರು?”

“ನಮ್... ಅತ್ತಿಗೆ.” ನಾನು ಅಲ್ಲೇ ನಿಂತಿದ್ದೆ. ಸಂಬಂಧ ಕುದುರಿಸಲು ಬಂದವಳು ಹೀಗೆ ದಿಢೀರನೆ ಸಂಬಂಧಿಯಾಗಿಬಿಟ್ಟೆ.

ತಿಂಡಿಯ ತಟ್ಟೆಯ ಪಕ್ಕ ನೀರಿನ ದೊಡ್ಡ ಲೋಟವಿತ್ತು. ಓಬಳಮ್ಮ ಅದನ್ನೂ ಎತ್ತಿದಳು. ಲಕ್ಷ್ಮೀದೇವಿಗೆ ಆಗಲೇ ಸುಳ್ಳಿನ ಓಟ ಹತ್ತಿತ್ತು. ಅಜ್ಜಿ ಓದಿ ಮುಗಿಸುವ ಮುಂಚೆಯೇ, “ಅದು ನಮ್ಮ ದೊಡ್ಡತ್ತೆ ಕಣಮ್ಮ, ನಮ್ಮೆಜಮಾನ್ರ ಸ್ವಂತ ಸೋದರತ್ತೆ” ಎಂದುಬಿಟ್ಟಳು.

“ಮ...ಸ್ತಾನ್ ಬೀ” ಎಂದು ಓಬಳಮ್ಮ ಓದಿದಳು.

ಸೋಫಾ ಕೂಡ ಕಿರ್ರೆನ್ನಲಿಲ್ಲ. ನನ್ನ ಗಂಡ ಬಾಯಲ್ಲಿದ್ದ ಕೋಡುಬಳೆಯನ್ನು ಕಡಿಯದೆ ಹಾಗೆಯೇ ಹಿಡಿದುಕೊಂಡು ಕೂತರು. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಸಾಕ್ಷಾತ್ ಮಸ್ತಾನ್ ಬೀ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು.

“ಲಕ್ಷ್ಮೀ, ಫ್ರಿಜ್ಜುಲೋ ನಾ ದೋಸೆಪಿಂಡಿ ಉಂದಿ ಕದಮ್ಮಾ! ಇಯ್ಯಿ, ಪಿಲ್ಲಲಕಿ ಆಕಲಿ” ಎಂದು ತೆಲುಗಿನಲ್ಲಿ ಕೂಗಿ, ಒಳಗೆ ತುಂಬಿದ ಜನರನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಅವಳ ದೋಸೆಹಿಟ್ಟು ಫ್ರಿಜ್ಜಿನ ಜೊತೆ ಬೀದಿ ದಾಟಿತ್ತು, ಮಕ್ಕಳು ಹಸಿದಿದ್ದರು.

ಓಬಳಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. “ಬಾರಮ್ಮ, ನೀನೇನಾ ದೊಡ್ಡತ್ತೆ?” ಎಂದಳು.

ಲಕ್ಷ್ಮೀದೇವಿಯ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಮಗಳ ಮದುವೆ ನೀರಿನ ಲೋಟದಲ್ಲಿ ಮುಳುಗಿತು ಎಂದು ಅವಳು ನಂಬಿದಂತಿತ್ತು, ನಾನೂ ನಂಬಿದೆ. ತವರಿಗೆ ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಭಾಗ್ಯ ಮುಂದೆ ಬಂದಳು. ಅವಳದು ಕ್ಲಾಸಿನಲ್ಲಿ ಪಾಠ ಹೇಳುವ ದನಿ.

“ಅಜ್ಜಿ, ಆ ಲೋಟ ಯಾವುದೂ ನಮ್ದಲ್ಲ. ಫ್ರಿಜ್ಜು ನಮ್ದಲ್ಲ. ನೀವು ಕೂತಿರೋ ಸೋಫಾ ಶಾರದಕ್ಕಂದು. ಅವ್ರೆಲ್ಲ ನಮ್ ನೆಂಟ್ರಲ್ಲ, ನಮ್ ಬೀದಿಯೋರು. ನಿಮ್ಮುಂದೆ ಚೆನ್ನಾಗಿ ಕಾಣ್ಲಿ ಅಂತ ನಮ್ಮಮ್ಮ ಕೇಳಿ ತಂದವ್ಳೆ.”

“ಇದನ್ನ ನೀನ್ಯಾಕಮ್ಮ ನಂಗೇಳ್ತೀಯ?”

“ಮದ್ವೆ ಆದ್ಮೇಲೆ ನೀವು ಬಂದಾಗೆಲ್ಲ ಸೋಫಾ ತರಕ್ಕಾಗಲ್ಲ ಅಜ್ಜಿ. ಬಾಗ್ಲು ಬಿಚ್ಬೇಕಾಯ್ತದೆ.”

ಓಬಳಮ್ಮ ನಗಲಿಲ್ಲ. ಲೋಟ ಕೆಳಗಿಟ್ಟು, “ಕೇಳಿದ ತಕ್ಷಣ ಕೊಟ್ರಾ?” ಎಂದಳು.

“ಕೇಳಕ್ಕೆ ಮುಂಚೇನೇ ಕೊಟ್ರು” ಎಂದಳು ಭಾಗ್ಯ.

ಅಜ್ಜಿ ಮೊಮ್ಮಗನ ಕಡೆ ತಿರುಗಿದಳು. “ಲೋ ಗಂಗಾಧರ, ನೀನೂ ಬಿಚ್ಚು.”

“ಏನಜ್ಜಿ?”

“ಷೂ ಬಿಚ್ಚೋ! ಆವಾಗ್ಲಿಂದ ನೋಡ್ತಾ ಇದೀನಿ, ನೀನು ಹಿಂಗೆ ಕುಂಟ್ತಾ ಇದ್ರೆ ಯಾರ್ಲಾ ಹೆಣ್ ಕೊಡ್ತಾರೆ?”

ಗಂಗಾಧರ ಷೂ ಕಳಚಿ, ದೀರ್ಘವಾಗಿ ಉಸಿರು ಬಿಟ್ಟು ಬೆರಳುಗಳನ್ನು ಬಿಡಿಸಿಕೊಂಡ. ಷೂ ಪಕ್ಕದ ಮನೆಯವನದು, ಇವನ ಅಳತೆಗಿಂತ ಚಿಕ್ಕದು. ಕಾರು ಎದುರುಮನೆ ಮೇಷ್ಟರದು. ಅದನ್ನು ಬೇಗ ವಾಪಸ್ ಕೊಡಬೇಕು, ಮೇಷ್ಟರ ತಮ್ಮನೂ ಎಲ್ಲಿಗೋ ಹೆಣ್ಣು ನೋಡಲು ಹೋಗಬೇಕಂತೆ. ಕೈಯಲ್ಲಿದ್ದ ಸ್ಮಾರ್ಟ್ ವಾಚು ಅಂಗಡಿಗೆ ರಿಪೇರಿಗೆ ಕೊಟ್ಟ ಗಿರಾಕಿಯದು ಎಂದು ಅವನು ತಲೆ ತಗ್ಗಿಸಿ ಹೇಳಿದಾಗ, ಮೊದಲು ನಕ್ಕವಳು ಭಾಗ್ಯ.

“ನನ್ ಕನ್ನಡಕ ಮಾತ್ರ ನಂದೇ ಕಣಮ್ಮ” ಎಂದಳು ಓಬಳಮ್ಮ ಲಕ್ಷ್ಮೀದೇವಿಯ ಕೈ ಹಿಡಿದು. “ಅದೂ ಕಣ್ಣಿನ ಕ್ಯಾಂಪ್‌ನಾಗೆ ಪುಕ್ಕಟೆ ಕೊಟ್ಟಿದ್ದು. ಅಳಬ್ಯಾಡ. ಕಾಸಿದ್ರೆ ಸೋಫಾ ಯಾರ್ ಬೇಕಾದ್ರೂ ತಂದಾರು. ಬಾಗ್ಲು ಬಿಚ್ಚಿ ಸೋಫಾ ಹಾಕೋ ಜನ ಎಲ್ಲಿಂದ ತರಾದು? ಏ ದೊಡ್ಡತ್ತೆ, ಅಲ್ಯಾಕೆ ನಿಂತಿದೀಯ, ನಿನ್ ಹಿಟ್ನಾಗೆ ನಮ್ಗೂ ಎರಡು ದೋಸೆ ಹಾಕ್ಬಾರ್ದಾ?”

ಮಸ್ತಾನ್ ಬೀ ದೋಸೆ ಹುಯ್ಯಲು ನಿಂತಳು. ಅವಳ ಮಕ್ಕಳೂ ಬಂದು ಪಂಕ್ತಿಯಲ್ಲಿ ಕೂತರು. ಗಂಗಾಧರ ಬರಿಗಾಲಲ್ಲಿ ನೆಟ್ಟಗೆ ನಡೆದಾಡಿ, ಕಾಲು ಸರಿಯಿದೆಯೆಂದು ಲಕ್ಷ್ಮೀದೇವಿಗೆ ಎರಡೆರಡು ಸಲ ತೋರಿಸಿದ. ಸಂಬಂಧ ಅಲ್ಲೇ ನಿಶ್ಚಯವಾಯಿತು. ಸೋಫಾವನ್ನು ಮತ್ತೆ ಹೊರಗೆ ತರುವ ಶಕ್ತಿ ಆವತ್ತು ಯಾರಲ್ಲೂ ಇರಲಿಲ್ಲವಾದ್ದರಿಂದ ಅದು ಮದುವೆಯ ತನಕ ಅಲ್ಲೇ ಉಳಿಯಿತು. ನನ್ನ ಗಂಡ ದಿನಾ ಅಲ್ಲಿಗೇ ಹೋಗಿ ಕೂತು ಪೇಪರ್ ಓದಿ, ಕಾಫಿಯನ್ನೂ ಕುಡಿದು ಬರುತ್ತಿದ್ದರು. ಅಲ್ಲಿಯ ಕಾಫಿ ಚೆನ್ನಾಗಿದೆ ಎಂದು ಬಂದು ನನಗೂ ಹೇಳುತ್ತಿದ್ದರು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಭಾಗ್ಯ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದಳು. ದನಿ ಸಪ್ಪಗಿತ್ತು.

“ಇಲ್ಲಿ ಎಲ್ರೂ ಒಳ್ಳೇರೇ ಅಕ್ಕ. ಹೂವು, ಹಣ್ಣು ತಂದು ಕೊಡ್ತಾರೆ. ಕೊಟ್ಬುಟ್ಟು ನಿಂತ್ಕಂಡೇ ಮಾತಾಡಿ ಹೊಂಟೋಯ್ತಾರೆ. ಯಾರೂ ಕೂತ್ಕಳಲ್ಲ. ಬೇಜಾರಾಯ್ತದೆ.”

“ನೀನು ಅವ್ರಿಗೆ ಏನ್ ಕೊಟ್ಟೆ?”

“ಪಾಯ್ಸ ಮಾಡಿ ಮನೆಮನೆಗೂ ಕೊಟ್ಟೆ. ಚಕ್ಲಿ ಕೊಟ್ಟೆ.”

“ಕೊಟ್ಟಿದ್ದು ಸಾಕು. ಇನ್ನು ಕೇಳು.”

“ಏನ್ ಕೇಳ್ಲಿ? ಮನೇಲೆಲ್ಲ ಐತಲ್ಲಕ್ಕಾ!”

“ಇದ್ರೂ ಕೇಳು ಕಣೆ. ಒಂದಿಷ್ಟು ಕರಿಬೇವು ಕೇಳು” ಎಂದೆ.

ಹೇಳುವಾಗ ನಾನು ಅಷ್ಟೇನೂ ಯೋಚಿಸಿರಲಿಲ್ಲ. ಫೋನ್ ಇಟ್ಟಮೇಲೆ ಯೋಚಿಸಿದೆ. ಕೊಡುವವಳ ಮುಂದೆ ಜನ ಸ್ವಲ್ಪ ಸೆಟೆದು ನಿಲ್ಲುತ್ತಾರೆ, ತಾವೂ ಏನಾದರೂ ಕೊಟ್ಟು ಸರಿಮಾಡಿ ಹೋಗುತ್ತಾರೆ. ಕೇಳಲು ಬಂದವಳನ್ನು ಒಳಗೆ ಕರೆಯುತ್ತಾರೆ, ಹುಡುಕಿ ಕೊಡುವಷ್ಟು ಹೊತ್ತು ಕೂರಿಸುತ್ತಾರೆ, ಕೂತಮೇಲೆ ಮಾತು ಬರುತ್ತದೆ. ಕೊಡುವುದಕ್ಕೆ ಕೈ ಇದ್ದರೆ ಸಾಕು. ಕೇಳುವುದಕ್ಕೆ ಒಂದಿಷ್ಟು ಬಿಂಕ ಬಿಡಬೇಕು. ಕೈ ಬಿಗಿಹಿಡಿದು ಬಾಳುವ ನಮ್ಮಂಥವರು ಉಳಿತಾಯ ಮಾಡದೆ ಖರ್ಚು ಮಾಡುವುದು ಆ ಬಿಂಕವೊಂದನ್ನೇ ಇರಬೇಕು.

ಕೆಲವು ವಾರಗಳಾದ ಮೇಲೆ ಭಾಗ್ಯ ಮತ್ತೆ ಫೋನ್ ಮಾಡಿದಳು. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು.

“ಅಕ್ಕಾ, ನೀನೇಳ್ದಂಗೆ ಪಕ್ಕದ ಮನೇಲಿ ಕರಿಬೇವು ಕೇಳ್ದೆ. ಆಯಮ್ಮ ಕೂರ್ಸಿ ಸಾಯಂಕಾಲದ ತನ್ಕ ಬಿಡ್ಲಿಲ್ಲ. ಮಾರ್ನೇ ದಿನ ಬಂದು ನನ್ ಮಿಕ್ಸಿ ತಗೊಂಡೋಗ್ಬುಟ್ಲು! ಮದ್ವೇಲಿ ಬಂದ ಹೊಸ ಮಿಕ್ಸಿ!”

“ವಾಪಸ್ ಬಂತಾ?”

“ಎಲ್ಬಂತು? ಈಗ ಮೂಲೆ ಮನೆಯಾಗೈತಂತೆ. ನಾನೇ ಅಲ್ಲಿಗೆ ಹೋಗಿ ಚಟ್ನಿ ರುಬ್ಕಂಡು ಬತ್ತೀನಿ. ಕೊಬ್ರಿ ಅವ್ರುದೇ ಹಾಕ್ತಾರೆ. ಇರಕ್ಕ, ಯಾರೋ ಕೂಗ್ತಾವ್ರೆ, ಆಮೇಲೆ ಮಾಡ್ತೀನಿ” ಎಂದು ಫೋನ್ ಕಟ್ ಮಾಡಿದಳು.

ನಾನು ಬೀದಿ ದಾಟಿ ಲಕ್ಷ್ಮೀದೇವಿಯ ಮನೆಗೆ ಹೋದೆ. ಮಗಳಿಗೆ ಅಲ್ಲಿ ಬೇಜಾರೆಂದು ಕೊರಗುತ್ತಲೇ ಹೊಲಿಗೆ ಮಿಷನ್ನು ತುಳಿಯುತ್ತಿದ್ದವಳು ನನ್ನ ಮುಖ ನೋಡಿ ಗಾಬರಿಯಾದಳು.

“ಏನಕ್ಕಾ? ಭಾಗ್ಯ ಫೋನ್ ಮಾಡಿದ್ಲಾ? ಹೆಂಗವ್ಳೆ?”

“ಇನ್ನೇನೂ ಯೋಚ್ನೆ ಮಾಡ್ಬೇಡ ಕಣೆ” ಎಂದೆ. “ಅವಳ ಮಿಕ್ಸಿ ಮನೇಲಿಲ್ಲ.”

ಲಕ್ಷ್ಮೀದೇವಿ ಸಮಾಧಾನದಿಂದ ಉಸಿರು ಬಿಟ್ಟು, ಮತ್ತೆ ಮಿಷನ್ನು ತುಳಿಯತೊಡಗಿದಳು.